ಎರಡು ದಿನ ಕಾಣಲಿಲ್ಲವಲ್ಲ ಸಾರ್?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮೂರನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೂರೂ ನಿವೃತ್ತಿಯಾದವರ ಮನೆಯಿಂದ ಬಂದವು. ಬರೆದವರ ಹೆಸರು ಹಾಕುತ್ತಿಲ್ಲ. ನಾನು ಅಂಚೆ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಇದ್ದು 2014ರ ಜುಲೈ 31ರಂದು ಮೈಸೂರಿನಲ್ಲಿ ನಿವೃತ್ತನಾದವನು. ಈ ವಿಷಯದಲ್ಲಿ ಪುಸ್ತಕ ಓದಿ ಕಲಿತದ್ದು ಕಡಿಮೆ, ಅನುಭವಿಸಿ ಕಲಿತದ್ದೇ ಹೆಚ್ಚು. ಅದನ್ನೇ ಹೇಳುತ್ತೇನೆ.

ಪ್ರಶ್ನೆ: ನಾನು ಕೆ.ಎಸ್.ಆರ್.ಟಿ.ಸಿ.ಯಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಕೊನೆಯ ಒಂಬತ್ತು ವರ್ಷ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲೇ ಕಳೆದೆ. ನಿವೃತ್ತಿಯಾಗಿ ಒಂದೂವರೆ ವರ್ಷವಾಯಿತು. ಹೆಂಡತಿ ತೀರಿಕೊಂಡ ಮೇಲೆ ಮಗ ಬೆಂಗಳೂರಿಗೆ ಕರೆದುಕೊಂಡು ಬಂದ. ಕನಕಪುರ ರಸ್ತೆಯಲ್ಲಿ ವಾಜರಹಳ್ಳಿ ಮೆಟ್ರೋ ಹತ್ತಿರ ಮನೆ, ಹನ್ನೊಂದನೇ ಮಹಡಿ. ಮಗ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ, ದೂರೇನೂ ಇಲ್ಲ. ಬೆಳಗ್ಗೆ ನಾಲ್ಕೂವರೆಗೇ ಎಚ್ಚರವಾಗುತ್ತದೆ. ಒಂಬತ್ತಕ್ಕೆ ಮನೆ ಖಾಲಿ. ಆಮೇಲೆ ಸಂಜೆ ಏಳರವರೆಗೆ ಬಾಲ್ಕನಿ, ಟಿ.ವಿ., ಮತ್ತೆ ಬಾಲ್ಕನಿ. ಕೆಳಗೆ ಪಾರ್ಕಿದೆ, ಅಲ್ಲಿ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಲಾಲ್‌ಬಾಗಿಗೂ ಒಂದು ದಿನ ಹೋಗಿ ಬಂದೆ, ಯಾರೂ ಮಾತಾಡಿಸಲಿಲ್ಲ. ನನ್ನಂಥವನು ಎಲ್ಲಿ ಹೋಗಿ ಕೂರಬೇಕು?

ಉತ್ತರ: ಸಾರ್, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಒಂದು ಕಡೆ ಪೆನ್ಸಿಲ್ಲಿನಿಂದ ಅಡಿಗೆರೆ ಎಳೆದೆ. "ಒಂದು ದಿನ ಹೋಗಿ ಬಂದೆ" ಅಂದಿದ್ದೀರಲ್ಲ, ಅಲ್ಲಿ.

ನನ್ನ ಕಥೆ ಸ್ವಲ್ಪ ಕೇಳಿ. ಅಂಚೆ ಕಚೇರಿಯಲ್ಲಿ ಬೆಳಗ್ಗೆ ಮೊಟ್ಟಮೊದಲು ಮಾಡುವ ಕೆಲಸ ಮೊಹರಿನ ತಾರೀಕು ಬದಲಾಯಿಸುವುದು. ಹಿಂದಿನ ದಿನದ ಅಂಕಿಯನ್ನು ಚಿಮಟದಲ್ಲಿ ಹಿಡಿದು ತೆಗೆದು ಹೊಸ ಅಂಕಿ ಕೂರಿಸಬೇಕು. ಶಾಯಿ ದಿಂಡಿಗೆ ಒತ್ತಿ ಅದಕ್ಕೆಂದೇ ಇಟ್ಟ ಪುಸ್ತಕದಲ್ಲಿ ಒಂದು ಮುದ್ರೆ ಹಾಕಬೇಕು, ತಾರೀಕು ಸರಿಯಿದೆಯೇ ಎಂದು ನೋಡಿ ಸಹಿ ಮಾಡಬೇಕು. ಆಮೇಲೇ ಉಳಿದದ್ದು. ಗುಮಾಸ್ತನಾಗಿದ್ದಾಗ ನಾನೇ ಬದಲಾಯಿಸುತ್ತಿದ್ದೆ, ಪೋಸ್ಟ್ ಮಾಸ್ಟರ್ ಆದ ಮೇಲೆ ನೋಡಿ ಸಹಿ ಹಾಕುತ್ತಿದ್ದೆ. ನಿವೃತ್ತಿಯಾದ ಮೊದಲ ತಿಂಗಳಲ್ಲಿ ಒಂದು ಮಧ್ಯಾಹ್ನ ಬ್ಯಾಂಕಿನ ಚಲನ್ ಬರೆಯಲು ಕೂತರೆ ಅವತ್ತು ಎಷ್ಟನೇ ತಾರೀಕು ಎಂದೇ ಗೊತ್ತಾಗಲಿಲ್ಲ. ಪೆನ್ನು ಹಿಡಿದ ಕೈ ಹಾಗೇ ನಿಂತಿತು. ಪಕ್ಕದಲ್ಲಿದ್ದ ಹುಡುಗಿಯನ್ನು ಕೇಳಿ ಬರೆದೆ. ಮೂವತ್ತೆಂಟು ವರ್ಷ ಊರಿಗೆಲ್ಲ ತಾರೀಕು ಒತ್ತಿದ ಕೈ ಅದು. ಅವತ್ತು ನನಗಾದ ಭಯ ನಿಮ್ಮ ಬಾಲ್ಕನಿಯ ಭಯಕ್ಕಿಂತ ಬೇರೆಯದಲ್ಲ ಅಂದುಕೊಂಡಿದ್ದೇನೆ.

ಮಾರನೇ ದಿನದಿಂದ ಕುಕ್ಕರಹಳ್ಳಿ ಕೆರೆಗೆ ಹೋಗತೊಡಗಿದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ, ಒಂದು ಕಡೆ ಹುಣಸೂರು ರಸ್ತೆ, ಇನ್ನೊಂದು ಕಡೆ ಬೋಗಾದಿ ರಸ್ತೆ. ಒಂದು ಸುತ್ತು ಬರಲು ನನ್ನ ನಡಿಗೆಗೆ ಗಂಟೆಯ ಮೇಲಾಗುತ್ತದೆ. ಹೆಜ್ಜಾರ್ಲೆಗಳು ನೀರ ಮೇಲೆ ತೇಲುವುದನ್ನು ನೋಡುವುದೇ ಒಂದು ಸುಖ. ಆದರೆ ಸುಖ ಬೇರೆ, ಜೊತೆ ಬೇರೆ. ಮೊದಲ ಮೂರು ವಾರ ನನ್ನನ್ನೂ ಒಬ್ಬರೂ ಮಾತಾಡಿಸಲಿಲ್ಲ. ಏರಿಯ ಮೇಲಿನ ಒಂದು ಕಲ್ಲು ಬೆಂಚಿನಲ್ಲಿ ನಾಲ್ಕು ಜನ ಕೂತು ಜೋರಾಗಿ ನಗುತ್ತಿದ್ದರು. ನಾನು ಮುಂದಿನ ಬೆಂಚಿನಲ್ಲಿ ಕೂತು ಏಳುತ್ತಿದ್ದೆ. ನಾಲ್ಕನೇ ವಾರ ಜ್ವರ ಬಂತು, ಎರಡು ದಿನ ಹೋಗಲಾಗಲಿಲ್ಲ. ಮೂರನೇ ದಿನ ಹೋದಾಗ ಆ ನಾಲ್ವರಲ್ಲಿ ಒಬ್ಬರು ಕೈ ಎತ್ತಿ ಕೇಳಿದರು: "ಏನ್ ಸಾರ್, ಎರಡು ದಿನ ಕಾಣ್ಲಿಲ್ವಲ್ಲ?"

ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ, ಅವರ ಹೆಸರು ನನಗೆ ಗೊತ್ತಿರಲಿಲ್ಲ. ಆದರೂ ನಾನು ಬಾರದ್ದು ಅವರಿಗೆ ತಿಳಿದಿತ್ತು. ಯಾಕೆಂದರೆ ಆರೂ ಇಪ್ಪತ್ತಕ್ಕೆ ಆ ಬೆಂಚಿನ ಮುಂದೆ ನಾನು ಹಾಯುವುದು ಅವರ ಕಣ್ಣಿಗೆ ರೂಢಿಯಾಗಿಬಿಟ್ಟಿತ್ತು. ಒಂದು ದಿನ ಆರಕ್ಕೆ, ಇನ್ನೊಂದು ದಿನ ಎಂಟಕ್ಕೆ ಹೋಗುತ್ತಿದ್ದರೆ ವರ್ಷವಾದರೂ ಯಾರೂ ಕೇಳುತ್ತಿರಲಿಲ್ಲ. ಈಗ ಆ ಬೆಂಚಿನಲ್ಲಿ ನಾನೂ ಒಬ್ಬ. ಸಿಲ್ಕ್ ಫ್ಯಾಕ್ಟರಿಯಲ್ಲಿದ್ದವರು ಒಬ್ಬರು, ಮೇಷ್ಟ್ರು ಇಬ್ಬರು, ಫಿಟ್ಟರ್ ಸಾಹೇಬರು. ಇದ್ದ ಇನ್ನೊಬ್ಬರು ಹೋದ ವರ್ಷ ತೀರಿಕೊಂಡರು. ಅವರು ಕೂರುತ್ತಿದ್ದ ತುದಿಯಲ್ಲಿ ಒಂದು ವಾರ ಯಾರೂ ಕೂರಲಿಲ್ಲ.

ಆದ್ದರಿಂದ ಸಾರ್, ಜಾಗಕ್ಕಿಂತ ಮೊದಲು ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ನಿಮಗೆ ಇದನ್ನು ಹೇಳಿಕೊಡಬೇಕಾದದ್ದೇ ಇಲ್ಲ. ಹುಳಿಯಾರು ಬಸ್ಸು ಎಷ್ಟೊತ್ತಿಗೆ, ತಿಪಟೂರು ಬಸ್ಸು ಹೋಯ್ತಾ ಎಂದು ದಿನಕ್ಕೆ ನೂರು ಜನ ನಿಮ್ಮನ್ನು ಕೇಳುತ್ತಿದ್ದರು. ಅವರು ನಿಮ್ಮ ಸ್ನೇಹಿತರೇನೂ ಆಗಿರಲಿಲ್ಲ. ಆದರೆ ನೀವು ಅಲ್ಲಿ, ಆ ಕಿಟಕಿಯ ಹಿಂದೆ ಇದ್ದೇ ಇರುತ್ತೀರಿ ಎಂಬ ನಂಬಿಕೆ ಅವರಿಗಿತ್ತು. ಆ ನಂಬಿಕೆಯನ್ನು ಹೊಸ ಊರಿನಲ್ಲಿ ಮತ್ತೆ ಕಟ್ಟಬೇಕು. ಅದಕ್ಕೆ ತಿಂಗಳಾದರೂ ಬೇಕು.

ಮೊದಲು ನಿಮ್ಮ ಅಪಾರ್ಟ್‌ಮೆಂಟಿನ ಗೇಟು. ನಿಮ್ಮಂಥ ದೊಡ್ಡ ವಸತಿಗಳಲ್ಲಿ ಬೆಳಗ್ಗೆ ಏಳರಿಂದ ಎಂಟೂವರೆವರೆಗೆ ಸ್ಕೂಲ್ ಬಸ್ಸುಗಳು ಗೇಟಿಗೆ ಬರುತ್ತವೆ. ಮೊಮ್ಮಕ್ಕಳ ಬ್ಯಾಗು ಹೊತ್ತ ಅಜ್ಜ ಅಜ್ಜಿಯರು ಅಲ್ಲಿ ನಿಂತಿರುತ್ತಾರೆ. ಒಬ್ಬರು ನೆಲ್ಲೂರಿನವರು, ಒಬ್ಬರು ನಾಗಪುರದವರು, ಒಬ್ಬರು ಬಳ್ಳಾರಿಯವರು ಇದ್ದಾರು. ಅವರೂ ನಿಮ್ಮ ಹಾಗೆಯೇ ಮಗನ ಮನೆಗೆ ಬಂದು ಬಾಲ್ಕನಿಯಲ್ಲಿ ಕೂತವರು. ಬಸ್ಸು ಹೋದ ಮೇಲೆ ಹತ್ತು ನಿಮಿಷ ಯಾರೂ ಮೇಲೆ ಹೋಗುವುದಿಲ್ಲ, ನೋಡಿ. ಆ ಹತ್ತು ನಿಮಿಷವೇ ನಿಮ್ಮ ಕಟ್ಟೆ. ನಿಮ್ಮ ಮನೆಯಿಂದ ಶಾಲೆಗೆ ಹೋಗುವ ಮಗು ಇಲ್ಲದಿದ್ದರೂ ಪರವಾಗಿಲ್ಲ, ಪೇಪರ್ ತರುವ ನೆಪದಲ್ಲಿ ಇಳಿಯಿರಿ. "ಬಸ್ಸು ಇವತ್ತು ಲೇಟಾ?" ಎಂದು ಶುರು ಮಾಡಿ. ಇದಕ್ಕೆ ನಿಮಗಿಂತ ತಕ್ಕವರು ಯಾರು?

ಭಾಷೆಯ ವಿಷಯ. ಚದುರಂಗಕ್ಕೆ, ಕೇರಂಗೆ ಭಾಷೆ ಬೇಕಿಲ್ಲ. ಇದು ಸುಲಭದ ಮಾತು, ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಬೇರೆ. ಬೆಂಗಳೂರಿಗೆ ಬಂದ ಎಷ್ಟೋ ಜನಕ್ಕೆ ಕನ್ನಡ ಕಲಿಯಲು ಮನಸ್ಸಿದೆ, ಕಲಿಸುವವರು ಸಿಕ್ಕುವುದಿಲ್ಲ. ಅವರಿಗೆ ವ್ಯಾಕರಣ ಬೇಡ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಆಟೋದಲ್ಲಿ ಬೇಕಾಗುವ ಮಾತು ಬೇಕು. "ಎಷ್ಟಾಯ್ತು", "ಚಿಲ್ಲರೆ ಇಲ್ಲ", "ಮುಂದೆ ನಿಲ್ಸಿ", "ಸ್ವಲ್ಪ ಜರುಗಿ". ಈ ಕನ್ನಡವನ್ನು ಇಡೀ ಆಯುಷ್ಯ ಆಡಿದವರು ನೀವು. ನಿಮ್ಮ ವಸತಿಯ ಸಂಘದವರಿಗೆ ಒಂದು ಚೀಟಿ ಬರೆದು ಕೊಡಿ: ಭಾನುವಾರ ಹತ್ತು ಗಂಟೆಗೆ, ಕೆಳಗಿನ ಹಾಲಿನಲ್ಲಿ, ಒಂದು ಗಂಟೆ. ಇಬ್ಬರೇ ಬಂದರೂ ನಿಲ್ಲಿಸಬೇಡಿ.

ಇನ್ನು ವಾರಕ್ಕೆರಡು ಸಲ ಬಸವನಗುಡಿ. ವಾಜರಹಳ್ಳಿಯಿಂದ ಎಣಿಸಿದರೆ ಒಂಬತ್ತನೆಯ ನಿಲ್ದಾಣ ಲಾಲ್‌ಬಾಗ್, ಹತ್ತನೆಯದು ನ್ಯಾಷನಲ್ ಕಾಲೇಜು, ಎಲ್ಲೂ ಬದಲಾಯಿಸಬೇಕಿಲ್ಲ. ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ನರಸಿಂಹರಾಜ ಕಾಲೋನಿಯಲ್ಲಿ ಡಿ.ವಿ.ಜಿ. ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ಎರಡೂ 1945ರಲ್ಲಿ ಶುರುವಾದವು. ಎರಡರಲ್ಲೂ ಪುಸ್ತಕವುಂಟು, ಸಂಜೆ ಹೊತ್ತು ಉಪನ್ಯಾಸ, ಸಂಗೀತ ನಡೆಯುತ್ತವೆ. ಉಪನ್ಯಾಸ ಅರ್ಥವಾಗದಿದ್ದರೆ ಎಂದು ಅಂಜಬೇಡಿ. ಹಿಂದಿನ ಸಾಲಿನಲ್ಲಿ ಕೂತು ಕೇಳಿ. ಮುಗಿದ ಮೇಲೆ ಹೊರಗೆ ಚಪ್ಪಲಿ ಹುಡುಕುತ್ತಾ ನಿಲ್ಲುವ ಹೊತ್ತಿನಲ್ಲಿ ಪಕ್ಕದವರು "ಹೆಂಗಿತ್ತು?" ಅನ್ನುತ್ತಾರೆ. ಬೇಸಿಗೆಯಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ತಪ್ಪಿಸಬೇಡಿ, 1939ರಿಂದ ನಡೆದು ಬಂದಿರುವಂಥವು. ಬಸವನಗುಡಿಗೆ ಹೋದಾಗ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನುವ ಮನಸ್ಸಾದರೆ ಶುಕ್ರವಾರ ಮಾತ್ರ ಹೋಗಬೇಡಿ, ಅವತ್ತು ರಜೆ.

ಹೋಟೆಲಿನ ಮಾತು ಬಂದದ್ದರಿಂದ ಒಂದು ಸಂಕಟ ಹೇಳಿಬಿಡುತ್ತೇನೆ. ಹಿಂದೆ ಹೋಟೆಲಿನಲ್ಲಿ ಮರದ ಕುರ್ಚಿ, ಕಲ್ಲು ಹಾಸಿನ ಮೇಜು ಇರುತ್ತಿತ್ತು. ಬೈ-ಟೂ ಕಾಫಿ ಹೇಳಿ ಇಬ್ಬರು ಮುದುಕರು ಮುಕ್ಕಾಲು ಗಂಟೆ ಕೂತರೆ ಮಾಲೀಕರು ಏನೂ ಅನ್ನುತ್ತಿರಲಿಲ್ಲ. ಈಗಿನ ದರ್ಶಿನಿಗಳಲ್ಲಿ ನಿಂತೇ ತಿನ್ನಬೇಕು. ಮೊಣಕಾಲು ನೋವಿರುವವನು ಎಷ್ಟು ಹೊತ್ತು ನಿಂತಾನು? ನಮ್ಮ ಬಡಾವಣೆಯ ಪಾರ್ಕಿಗೆ ಹತ್ತು ಗಂಟೆಗೆ ಬೀಗ ಬೀಳುತ್ತದೆ, ಮತ್ತೆ ತೆಗೆಯುವುದು ಸಂಜೆ. ವಯಸ್ಸಾದವರಿಗೆ ಜಾಗ ಬೇಕಾಗುವುದೇ ಆ ನಡುವಿನ ಹೊತ್ತಿನಲ್ಲಿ. ಈ ಬಗ್ಗೆ ನಾವು ಬೆಂಚಿನವರು ಐದೂ ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಕೊಡುತ್ತಲೇ ಇರುತ್ತೇವೆ.

ಆ ನಡುವಿನ ಹೊತ್ತಿಗೆ ನಾನು ಹಿಡಿದುಕೊಂಡದ್ದು ಸಾರ್ವಜನಿಕ ಗ್ರಂಥಾಲಯದ ಶಾಖೆ. ಹನ್ನೊಂದಕ್ಕೆ ಹೋಗಿ ಒಂದರವರೆಗೆ ಕೂರುತ್ತೇನೆ. ಸೋಮವಾರ ರಜೆ. ಇದು ಯಾರ ಧರ್ಮವೂ ಅಲ್ಲ. ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ನಿಮ್ಮ ಮಗನೂ ಕಟ್ಟುತ್ತಿರುತ್ತಾನೆ. ಹೋಗಿ ಕೂತುಕೊಳ್ಳುವ ಹಕ್ಕು ನಿಮಗಿದೆ.

ಇಷ್ಟನ್ನೂ ಒಂದೇ ವಾರದಲ್ಲಿ ಶುರು ಮಾಡಬೇಡಿ. ಗೇಟಿನಿಂದ ಮೊದಲು ಮಾಡಿ. ಒಂದು ಹಾಳೆಯಲ್ಲಿ ಡ್ಯೂಟಿ ಚಾರ್ಟಿನ ಹಾಗೆ ಹೊತ್ತು ಬರೆದು ಬಾಗಿಲ ಹಿಂದೆ ಅಂಟಿಸಿ. ಎರಡು ತಿಂಗಳಿಗೊಮ್ಮೆ ಅರಸೀಕೆರೆಗೆ ಹೋಗಿ ನಾಲ್ಕು ದಿನ ಇದ್ದು ಬನ್ನಿ, ಅದನ್ನು ಬಿಡುವುದು ಬೇಡ. ಹೆಂಡತಿಯನ್ನು ಕಳೆದುಕೊಂಡವರ ದುಃಖಕ್ಕೆ ಪಾರ್ಕು, ಗ್ರಂಥಾಲಯ ಮದ್ದು ಎಂದು ನಾನು ಹೇಳುತ್ತಿಲ್ಲ. ಆ ದುಃಖದ ಜೊತೆಗೇ ಗೇಟಿಗೆ ಇಳಿಯಬಹುದು, ಅಷ್ಟೇ. ಮೂವತ್ತು ದಿನ ಆದ ಮೇಲೆ ನನಗೊಂದು ಕಾರ್ಡು ಹಾಕಿ.

ಪ್ರಶ್ನೆ: ಅಣ್ಣಾರೇ, ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾಗಿ ಎಂಟು ತಿಂಗಳು. ಹಗಲೆಲ್ಲ ಹಾಲಿನಲ್ಲೇ ಇರುತ್ತಾರೆ. ಗಂಟೆಗೊಂದು ಸಲ ಕಾಫಿ. ನಾನು ಇಪ್ಪತ್ತು ವರ್ಷದಿಂದ ಮಂಗಳವಾರ, ಶುಕ್ರವಾರ ಮೂರು ಗಂಟೆಗೆ ಭಜನೆಗೆ ಹೋಗುತ್ತಿದ್ದೆ. ಈಗ "ಎಲ್ಲಿಗೆ, ಎಷ್ಟೊತ್ತಿಗೆ ಬರ್ತೀಯ, ನಾನೊಬ್ಬನೇ ಏನು ಮಾಡಲಿ" ಅನ್ನುತ್ತಾರೆ. ಪಾಪ ಅನ್ನಿಸಿ ಹೋಗುವುದು ಬಿಟ್ಟೆ. ಈಗ ನನಗೂ ಸಿಟ್ಟು, ಅವರಿಗೂ ಸಿಟ್ಟು. ದಾವಣಗೆರೆಯಿಂದ ಒಬ್ಬ ಗೃಹಿಣಿ.

ಉತ್ತರ: ತಂಗೀ, ಈ ಶುಕ್ರವಾರವೇ ಭಜನೆಗೆ ಹೋಗು. ಉತ್ತರದ ಮುಖ್ಯ ಭಾಗ ಇಷ್ಟೇ.

ನಿನ್ನ ಮನೆಯವರು ಕೆಟ್ಟವರಲ್ಲ, ದಿಕ್ಕು ತಪ್ಪಿದವರು. ನಾನೂ ಹಾಗೇ ಇದ್ದೆ. ನನ್ನ ಹೆಂಡತಿ ಸಂಜೆ ಐದಕ್ಕೆ ಪಕ್ಕದ ಮನೆಯವರ ಜೊತೆ ದೇವಸ್ಥಾನಕ್ಕೆ ಹೊರಟರೆ ಬಾಗಿಲ ಹತ್ತಿರ ನಿಂತು ಹತ್ತು ಪ್ರಶ್ನೆ ಕೇಳುತ್ತಿದ್ದೆ. ಒಂದು ದಿನ ಅವಳು ಚಪ್ಪಲಿ ಬಿಚ್ಚಿ ಒಳಗೆ ಬಂದು ಕೂತುಬಿಟ್ಟಳು. ಮಾತಾಡಲಿಲ್ಲ. ಅವಳಿಗೆ ಎಂದೂ ನಿವೃತ್ತಿ ಇಲ್ಲ, ಇರುವ ಒಂದು ಗಂಟೆಯನ್ನೂ ನಾನು ಕಿತ್ತುಕೊಳ್ಳುತ್ತಿದ್ದೇನೆ ಎಂಬುದು ನನ್ನ ತಲೆಗೆ ಹತ್ತಿದ್ದು ಅವತ್ತು. ಇವತ್ತಿಗೂ ಅದನ್ನು ನೆನೆದರೆ ಬೇಸರವಾಗುತ್ತದೆ.

ಕಾಫಿಗೆ ಹೊತ್ತು ಗೊತ್ತು ಮಾಡು. ಬೆಳಗ್ಗೆ ಒಂದು, ಹನ್ನೊಂದಕ್ಕೆ ಒಂದು, ಸಂಜೆ ಒಂದು. ನಡುವೆ ಬೇಕಾದರೆ ಡಿಕಾಕ್ಷನ್ ಎಲ್ಲಿದೆ ಎಂದು ಅವರಿಗೆ ತೋರಿಸಿಕೊಡು. ತರಕಾರಿ, ಹಾಲು, ಕರೆಂಟ್ ಬಿಲ್ಲು ಅವರ ಪಾಲಿಗೆ ಬಿಡು. ಬಿಟ್ಟ ಮೇಲೆ ಬದನೆಕಾಯಿ ಬಲಿತಿದೆ ಎಂದು ಆಕ್ಷೇಪಿಸಬೇಡ. ಮೂರು ತಿಂಗಳಲ್ಲಿ ಸೊಪ್ಪಿನವಳು ಅವರನ್ನು ಗುರುತು ಹಿಡಿದು "ಯಜಮಾನ್ರೇ" ಎಂದು ಕರೆಯುತ್ತಾಳೆ. ಅವರಿಗೂ ಬೇಕಾದದ್ದು ಅಂಥ ಒಂದು ಕರೆಯೇ. ಬೆಳಗಿನ ಹೊತ್ತಿಗೆ ನಿಮ್ಮೂರಿನಲ್ಲಿ ಕುಂದವಾಡ ಕೆರೆ ಇದೆ. ಮೊದಲ ಒಂದು ವಾರ ಜೊತೆಗೆ ಹೋಗಿ ದಾರಿ ಹಿಡಿಸು, ಆಮೇಲೆ ಅವರೊಬ್ಬರೇ ಹೋಗಲಿ.

ನಿನಗಾಗಿ ಇನ್ನೊಂದು. 2023ರ ಜೂನ್ 11ರಿಂದ ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ದುಡ್ಡಿಲ್ಲ. ಭಜನೆಯ ಗೆಳತಿಯರು ಸೇರಿ ಬೆಳಗ್ಗೆ ಹೊರಟು ಹರಿಹರೇಶ್ವರನ ದರ್ಶನ ಮಾಡಿ, ನದಿ ನೋಡಿ, ಬುತ್ತಿ ಬಿಚ್ಚಿ ಊಟ ಮಾಡಿ ಮಧ್ಯಾಹ್ನಕ್ಕೆ ಮನೆ ಸೇರಬಹುದು. ಹೊರಡುವಾಗ ಕೇಳಬೇಡ, ಹೇಳಿ ಹೋಗು.

ಪ್ರಶ್ನೆ: ವಯಸ್ಸು 82. ಎರಡೂ ಮೊಣಕಾಲು ಸೋತಿವೆ. ಗೇಟಿನವರೆಗೆ ಕೋಲು ಹಿಡಿದು ಬರಬಲ್ಲೆ, ಅದರಾಚೆ ಇಲ್ಲ. ಮಕ್ಕಳು ದೂರ. ಅಡುಗೆಯಾಕೆ ಬಂದು ಹೋಗುತ್ತಾಳೆ. ಪಾರ್ಕು, ಕೆರೆ ಎಂದು ನೀವು ಬರೆಯುವುದೆಲ್ಲ ನನಗೆ ಹೇಗೆ ಆದೀತು? ಶಿರಸಿಯಿಂದ, ನಿವೃತ್ತ ಶಿಕ್ಷಕ.

ಉತ್ತರ: ಮೇಷ್ಟ್ರೇ, ನಮಸ್ಕಾರ. ನಿಮ್ಮ ಪ್ರಶ್ನೆ ಅಂಚೆ ಕಾರ್ಡಿನಲ್ಲಿ ಬಂತು. ಅಕ್ಷರ ಈಗಲೂ ಕರಿಹಲಗೆಯ ಮೇಲೆ ಬರೆದಷ್ಟು ದುಂಡಗಿದೆ. ಮೊಹರಿನ ತಾರೀಕೂ ಸ್ಪಷ್ಟವಾಗಿ ಬಿದ್ದಿದೆ, ನೋಡಿ ಖುಷಿಯಾಯಿತು.

ಹೊರಗೆ ಹೋಗಲಾಗದವರ ಬಗ್ಗೆ ಈ ಅಂಕಣದಲ್ಲಿ ನಾನು ಬರೆದದ್ದು ಕಡಿಮೆ. ಅದು ನನ್ನ ತಪ್ಪು.

ಗೇಟಿನವರೆಗೆ ಬರುತ್ತೀರಲ್ಲ, ಅಷ್ಟು ಸಾಕು. ಕುರ್ಚಿಯನ್ನು ಒಳಗಿನ ಕೋಣೆಯಿಂದ ಜಗಲಿಗೆ ತರಿಸಿ, ಬೀದಿಗೆ ಮುಖ ಮಾಡಿ ಹಾಕಿಸಿ. ಶಾಲೆ ಬಿಡುವ ಹೊತ್ತು ಯಾವುದೆಂದು ನಿಮಗೆ ನಾನು ಹೇಳಬೇಕೇ? ಆ ಹೊತ್ತಿಗೆ ದಿನವೂ ಅಲ್ಲಿರಿ. ಮೊದಲು ಮಕ್ಕಳು ನೋಡಿಕೊಂಡು ಹೋಗುತ್ತವೆ. ಆಮೇಲೆ ಒಂದು ಮಗು ಸುಮ್ಮನೆ ಕೈ ಬೀಸುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಇದು ಕಷ್ಟ, ಗೊತ್ತು. ಆಗ ರೇಡಿಯೋ ಇಟ್ಟುಕೊಳ್ಳಿ. 1935ರಲ್ಲಿ ನಮ್ಮ ಮೈಸೂರಿನ ಒಂಟಿಕೊಪ್ಪಲಿನ ಮನೆಯೊಂದರಿಂದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಶುರು ಮಾಡಿದ ನಿಲಯಕ್ಕೇ ಆಕಾಶವಾಣಿ ಎಂಬ ಹೆಸರು ಮೊದಲು ಬಂದದ್ದು. ವಾರ್ತೆ, ಕೃಷಿಮಾತು, ಹಳೆಯ ಹಾಡು, ಎಲ್ಲ ತಮ್ಮ ತಮ್ಮ ಹೊತ್ತಿಗೆ ಬರುತ್ತವೆ. ಟಿ.ವಿ.ಯ ಹಾಗೆ ಇಪ್ಪತ್ತನಾಲ್ಕು ಗಂಟೆಯೂ ಒಂದೇ ಸಮನೆ ಕಿರುಚುವುದಿಲ್ಲ. ಮಕ್ಕಳಿಗೆ ಫೋನ್ ಮಾಡಲೂ ಒಂದು ಹೊತ್ತು ಗೊತ್ತು ಮಾಡಿಸಿ, ರಾತ್ರಿ ಎಂಟು ಅಂದರೆ ಎಂಟು. ಆ ಹೊತ್ತಿಗೆ ನೀವು ಎತ್ತದಿದ್ದರೆ ಅವರು ಪಕ್ಕದ ಮನೆಗೆ ಫೋನ್ ಮಾಡಬೇಕು. ತೀರಾ ತೊಂದರೆಯಾದರೆ 14567 ಎಂಬ ಸಂಖ್ಯೆ ಹಿರಿಯ ನಾಗರಿಕರ ಸಹಾಯವಾಣಿ. ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಇಡಿ.

ಇನ್ನು ಅಂಚೆಯವನಾಗಿ ಒಂದು ಮಾತು. ನಿಮ್ಮ ಬೀದಿಗೆ ಪೋಸ್ಟ್ ಮ್ಯಾನ್ ಯಾವ ಹೊತ್ತಿಗೆ ಬರುತ್ತಾರೆ ಎಂದು ಅಡುಗೆಯಾಕೆಯಿಂದ ವಿಚಾರಿಸಿ ಇಡಿ. ಬೆಳಗಿನ ಚೀಲ ಒಡೆದು, ವಿಂಗಡಿಸಿ, ಹೊರಟು ಬರುವಷ್ಟರಲ್ಲಿ ಸಾಮಾನ್ಯವಾಗಿ ಹನ್ನೊಂದು ದಾಟುತ್ತದೆ. ಪ್ರತಿ ಸೋಮವಾರ ನಾನು ನಿಮಗೊಂದು ಕಾರ್ಡು ಹಾಕುತ್ತೇನೆ, ಗ್ರಂಥಾಲಯಕ್ಕೆ ಹೇಗೂ ಅವತ್ತು ರಜೆ. ಬುಧವಾರ ಅಥವಾ ಗುರುವಾರ ನಿಮ್ಮ ಗೇಟಿಗೆ ಬರಬೇಕು. ಎರಡೂ ದಿನ ಹನ್ನೊಂದಕ್ಕೆ ಜಗಲಿಯಲ್ಲಿ ಕೂತಿರಿ. ಪೋಸ್ಟ್ ಮ್ಯಾನ್ ಡಬ್ಬಿಗೆ ಹಾಕಿ ಹೋಗದೆ ನಿಮ್ಮ ಕೈಗೇ ಕೊಡಲಿ. ಉತ್ತರ ಬರೆದು ಅವರ ಕೈಗೇ ಕೊಡಿ.